ಹನ್ನೊಂದು ವರ್ಷದ ಮಗನ ಕೈಗೆ ಎಲೆಕ್ಟ್ರಿಕ್ ಸ್ಕೂಟರ್ ಕೊಡಬಹುದೇ?

ಪ್ರಶ್ನೆ | ಇಬ್ಬರು ಮಕ್ಕಳ ತಾಯಿ

ನನ್ನ ಮಗನಿಗೆ ಹನ್ನೊಂದು ವರ್ಷ. ಅವನ ಹುಟ್ಟುಹಬ್ಬಕ್ಕೆ ನನ್ನ ತಮ್ಮ ಒಂದು ಎಲೆಕ್ಟ್ರಿಕ್ ಸ್ಕೂಟರ್ ತಂದುಕೊಟ್ಟಿದ್ದಾನೆ. ನಿಂತು ಓಡಿಸುವಂಥದ್ದು, ಬೇಕೆಂದರೆ ಸೀಟು ಸಿಕ್ಕಿಸಿಕೊಳ್ಳಬಹುದು. ಪೆಟ್ಟಿಗೆಯ ಮೇಲೆ ನಗುನಗುತ್ತಿರುವ ಮಗುವಿನ ಚಿತ್ರವಿದೆ. ಒಳಗಿನ ಪುಸ್ತಿಕೆ ತೆರೆದರೆ ಗರಿಷ್ಠ ವೇಗ ಗಂಟೆಗೆ 45 ಕಿ.ಮೀ. ಎಂದಿದೆ. ಚಿತ್ರ ಹಾಕಿದವರೂ ಪುಸ್ತಿಕೆ ಬರೆದವರೂ ಒಬ್ಬರನ್ನೊಬ್ಬರು ಭೇಟಿಯಾಗಿಲ್ಲ ಎಂದು ಕಾಣುತ್ತದೆ.

"ಅಕ್ಕಾ, ಸೈಕಲ್ ಓಡಿಸುತ್ತಾನಲ್ಲ, ಇದೂ ಅಷ್ಟೇ. ನಿಧಾನದ ಮೋಡಿನಲ್ಲಿ ಇಟ್ಟುಕೊಟ್ಟರೆ ಆಯಿತು" ಎನ್ನುವುದು ತಮ್ಮನ ವಾದ. ಯಜಮಾನರು ಅವನ ಮಾತಿಗೂ ಹೂಂ ಎನ್ನುತ್ತಾರೆ, ನನ್ನ ಮಾತಿಗೂ ಹೂಂ ಎನ್ನುತ್ತಾರೆ. ಮಗ ಮೂರು ಹೊತ್ತೂ ಅದನ್ನು ಒರೆಸುತ್ತಾ ಕೂತಿದ್ದಾನೆ.

ತಮ್ಮನಿಗೆ ಬೇಸರವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ. ಹಾಗೆಂದು ನನ್ನ ಹೆದರಿಕೆ ಒಂದನ್ನೇ ಹಿಡಿದು ಬೇಡ ಎನ್ನುವುದಕ್ಕೂ ಮನಸ್ಸಿಲ್ಲ. ಇಂಥ ಯಂತ್ರಗಳ ಒಳಹೊರಗು ಬಲ್ಲವರು ಯಾರಾದರೂ ಇದ್ದರೆ ತಿಳಿಸಿ: ನಿಧಾನದ ಮೋಡ್ ಎಂಬುದನ್ನು ಎಷ್ಟು ನಂಬಬಹುದು? ಸೈಕಲ್ ಹೆಲ್ಮೆಟ್ ಸಾಕೇ?

ಉತ್ತರ | ಹಳೆಯ ಸವಾರ

ನಾವೆಲ್ಲ ಆ ವಯಸ್ಸಿನಲ್ಲಿ ಅಪ್ಪನ ಮೊಪೆಡ್ಡನ್ನು ಕದ್ದು ಓಡಿಸಿದವರೇ. ಮೊಣಕಾಲು ತರಚಿತು, ಮನೆಯಲ್ಲಿ ಬೈಗುಳ ಬಿತ್ತು, ಮಾರನೆಯ ದಿನ ಮತ್ತೆ ಓಡಿಸಿದೆವು. ಏನೂ ಆಗಲಿಲ್ಲ. ಹುಡುಗ ಬಿದ್ದೇ ಕಲಿಯಬೇಕು. ಇಷ್ಟಕ್ಕೆಲ್ಲ ತಜ್ಞರನ್ನು ಕೇಳುವ ಕಾಲ ಬಂತಲ್ಲ!

ಉತ್ತರ | ಗ್ಯಾರೇಜಿನವನು

ಮೇಲೆ ಬರೆದ ಹಿರಿಯರಿಗೆ ಮೊದಲು ಒಂದು ಮಾತು. ಬಿದ್ದು ಎದ್ದವರಷ್ಟೇ "ನಮಗೇನೂ ಆಗಲಿಲ್ಲ" ಎಂದು ಬರೆಯಬಲ್ಲರು. ಏಳದೇ ಹೋದವರ ಉತ್ತರ ಇಲ್ಲಿಗೆ ಬರುವುದಿಲ್ಲ.

ತಾಯಿ, ನಾನು ಬ್ಯಾಟರಿ ಗಾಡಿಗಳನ್ನು ರಿಪೇರಿ ಮಾಡಿ ಹೊಟ್ಟೆ ಹೊರೆಯುವವನು. ಈ ಗಾಡಿಗಳ ಮೇಲೆ ನನಗೆ ದ್ವೇಷವಿಲ್ಲ, ನನ್ನ ಅನ್ನವೇ ಅದು. ಆದರೂ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಬೇಡ. ನಿಧಾನದ ಮೋಡಿನಲ್ಲೂ ಬೇಡ. ಕಾರಣಗಳನ್ನು ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ, ನಿಮ್ಮ ತಮ್ಮನಿಗೆ ಓದಿಸಲು ಅನುಕೂಲವಾಗಲಿ.

ಸೈಕಲ್ ಓಡಿಸುವ ಮಗು ತನ್ನ ವೇಗವನ್ನು ತಾನೇ ದುಡಿದು ಸಂಪಾದಿಸುತ್ತದೆ. ಕಾಲು ಸೋತರೆ ವೇಗ ಇಳಿಯುತ್ತದೆ, ಭಯವಾದರೆ ಪೆಡಲ್ ತನ್ನಷ್ಟಕ್ಕೆ ನಿಲ್ಲುತ್ತದೆ. ಮೋಟಾರಿಗೆ ಸುಸ್ತೂ ಇಲ್ಲ, ಭಯವೂ ಇಲ್ಲ. ಎಕ್ಸಲರೇಟರ್ ಒತ್ತಿದ್ದಷ್ಟು ಹೊತ್ತು ಅದು ಎಳೆಯುತ್ತಲೇ ಇರುತ್ತದೆ. ನಿಮ್ಮ ತಮ್ಮನ "ಇದೂ ಅಷ್ಟೇ" ಎಂಬ ಮಾತು ಬಿದ್ದುಹೋಗುವುದು ಇಲ್ಲಿಯೇ.

ಅದರಲ್ಲೂ ಎಕ್ಸಲರೇಟರ್ ಯಾವ ಬಗೆಯದು ನೋಡಿ. ಮೋಟಾರ್ ಸೈಕಲ್ಲಿನ ಹಾಗೆ ಹಿಡಿಯನ್ನೇ ತಿರುಗಿಸುವ ಬಗೆಯದಾದರೆ ಮಕ್ಕಳಿಗೆ ಅದು ಅತಿ ಕೆಟ್ಟದ್ದು. ಗಾಡಿ ಜಗ್ಗನೆ ಮುಂದೆ ಚಿಮ್ಮಿದಾಗ ಸವಾರನ ಮೈ ಹಿಂದಕ್ಕೆ ವಾಲುತ್ತದೆ. ಬೀಳದಿರಲು ಆತ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಹಾಗೆ ಎಳೆದಾಗ ಮಣಿಕಟ್ಟು ಕೆಳಕ್ಕೆ ಮಡಚಿ ಎಕ್ಸಲರೇಟರ್ ಮತ್ತಷ್ಟು ತಿರುಗುತ್ತದೆ, ಗಾಡಿ ಮತ್ತಷ್ಟು ಚಿಮ್ಮುತ್ತದೆ. ದೊಡ್ಡವರೇ ಹೊಸದರಲ್ಲಿ ಹೀಗೆ ಗೋಡೆಗೆ ಹೋಗಿ ಗುದ್ದುತ್ತಾರೆ. ಹೆಬ್ಬೆರಳಿನಿಂದ ಒತ್ತುವ ಸಣ್ಣ ಲಿವರ್ ಇದಕ್ಕಿಂತ ವಾಸಿ, ಬೆರಳು ಸರಿದರೆ ಮೋಟಾರ್ ಬಿಡುತ್ತದೆ.

ಇನ್ನು ವೇಗ. ವೇಗ ಮೂರು ಪಟ್ಟಾದರೆ ಪೆಟ್ಟಿನ ಶಕ್ತಿ ಒಂಬತ್ತು ಪಟ್ಟಾಗುತ್ತದೆ. ಹದಿನೈದರಲ್ಲಿ ಹೋಗುವ ಹುಡುಗನಿಗೂ ನಲವತ್ತೈದರಲ್ಲಿ ಹೋಗುವ ಹುಡುಗನಿಗೂ ಇರುವ ಅಂತರ ಇಷ್ಟು. ನಲವತ್ತೈದರಲ್ಲಿ ಹೋಗಿ ನಿಂತ ಲಾರಿಗೆ ನೇರವಾಗಿ ಗುದ್ದುವುದು ಸುಮಾರು 8 ಮೀಟರ್ ಎತ್ತರದಿಂದ ನೆಲಕ್ಕೆ ಬಿದ್ದಂತೆ. ಇಪ್ಪತ್ತೈದರಲ್ಲಾದರೆ ಎರಡೂವರೆ ಮೀಟರ್. ಅದೇನೂ ಕಡಿಮೆಯಲ್ಲ. ಎದುರಿಗೆ ಏನೋ ಬಂತು ಎಂದು ಮಗುವಿಗೆ ಹೊಳೆದು, ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೂ ನಲವತ್ತೈದರಲ್ಲಿ ಓಡುವ ಗಾಡಿ 12 ಮೀಟರ್ ದಾಟಿರುತ್ತದೆ. ಬ್ರೇಕ್ ಹಿಡಿಯುವ ಕೆಲಸ ಶುರುವಾಗುವುದು ಅದಾದ ಮೇಲೆ.

ಮಕ್ಕಳ ಕಣ್ಣಿನ ವಿಷಯವೂ ಇದೆ. ಲಂಡನ್ನಿನ ರಾಯಲ್ ಹಾಲೊವೇ ವಿಶ್ವವಿದ್ಯಾಲಯದ ಸಂಶೋಧಕರು ಪ್ರಾಥಮಿಕ ಶಾಲೆಯ ಮಕ್ಕಳನ್ನು ಪರೀಕ್ಷಿಸಿ ನೋಡಿದಾಗ, ಗಂಟೆಗೆ ಸುಮಾರು 32 ಕಿ.ಮೀ.ಗಿಂತ ವೇಗವಾಗಿ ಬರುತ್ತಿರುವ ವಾಹನದ ವೇಗವನ್ನು ಅವರು ಸರಿಯಾಗಿ ಅಂದಾಜು ಮಾಡಲಾರರು ಎಂದು ಕಂಡುಬಂತು. ಅದು ರಸ್ತೆ ದಾಟುವ ಮಕ್ಕಳ ಕುರಿತ ಅಧ್ಯಯನ. ಎದುರಿನ ವಾಹನವೂ ಓಡುತ್ತಿದ್ದು ಮಗುವೂ ಓಡುತ್ತಿದ್ದರೆ ಲೆಕ್ಕ ಇನ್ನೂ ಕಷ್ಟ. ಹುಡುಗ ಎಷ್ಟು ಚುರುಕು ಎಂಬುದರಿಂದ ಇದು ಬದಲಾಗುವುದಿಲ್ಲ.

ಈಗ ನಿಧಾನದ ಮೋಡ್. ಹುಡುಗರು ಗುಂಪಾಗಿ ನನ್ನ ಹತ್ತಿರ ಬರುತ್ತಾರೆ. ಒಬ್ಬ ಮೊಬೈಲಿನಲ್ಲಿ ವಿಡಿಯೊ ತೋರಿಸಿ, "ಅಂಕಲ್, ಈ ವೈರ್ ಬಿಚ್ಚಿಕೊಡಿ" ಎನ್ನುತ್ತಾನೆ. ಮೋಟಾರನ್ನು ನಿಯಂತ್ರಿಸುವ ಪೆಟ್ಟಿಗೆಗೆ ಕಂಟ್ರೋಲರ್ ಎನ್ನುತ್ತಾರೆ. ಅಗ್ಗದ ಕಂಟ್ರೋಲರುಗಳಲ್ಲಿ ವೇಗಮಿತಿಗೆಂದೇ ಒಂದು ಜೋಡಿ ವೈರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಅದನ್ನು ಬಿಚ್ಚಿದರೆ, ಕೆಲವದರಲ್ಲಿ ಸೇರಿಸಿದರೆ ಮಿತಿ ಮಾಯ. ಡಿಸ್‌ಪ್ಲೇ ಇರುವ ಗಾಡಿಗಳಲ್ಲಿ ವೈರಿನ ಗೋಜೂ ಇಲ್ಲ, ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಒಳಗಿನ ಮೆನು ತೆರೆದುಕೊಳ್ಳುತ್ತದೆ, ಗರಿಷ್ಠ ವೇಗದ ಅಂಕಿಯನ್ನು ಅಲ್ಲಿಯೇ ಏರಿಸಬಹುದು. ನಾನು ಬಿಚ್ಚಿಕೊಡುವುದಿಲ್ಲ ಎಂದರೆ ಹುಡುಗರು ತಾವೇ ಬಿಚ್ಚುತ್ತಾರೆ. ಸ್ಕ್ರೂ ಡ್ರೈವರ್ ಯಾರ ಮನೆಯಲ್ಲಿಲ್ಲ? ನಿಮ್ಮ ಮಗ ಮೂರು ಹೊತ್ತೂ ಒರೆಸುತ್ತಾ ಕೂತಿದ್ದಾನೆ ಎಂದು ಬರೆದಿದ್ದೀರಿ. ಆ ಗುಂಡಿಗಳ ಗುಟ್ಟು ಅವನಿಗೆ ಇಷ್ಟರಲ್ಲೇ ಗೊತ್ತಾಗುತ್ತದೆ, ಈಗಾಗಲೇ ಗೊತ್ತಾಗಿದ್ದರೂ ಆಶ್ಚರ್ಯವಿಲ್ಲ.

ಮಿತಿಯನ್ನು ಯಾರೂ ಮುಟ್ಟಲಿಲ್ಲ ಎಂದೇ ಇಟ್ಟುಕೊಳ್ಳೋಣ. ನಲವತ್ತೈದಕ್ಕೆಂದು ಮಾಡಿದ ಗಾಡಿ ಭಾರದ್ದು. ಇಂಥವು ಇಪ್ಪತ್ತು ಕಿಲೊ ದಾಟುತ್ತವೆ. ಹನ್ನೊಂದರ ಹುಡುಗ ಎಷ್ಟು ತೂಗುತ್ತಾನೆ? ಪಕ್ಕಕ್ಕೆ ವಾಲಿದ ಗಾಡಿಯನ್ನು ಅವನು ತಡೆದು ನಿಲ್ಲಿಸಲಾರ, ಗಾಡಿಯೇ ಅವನನ್ನು ಎಳೆದುಕೊಂಡು ಬೀಳುತ್ತದೆ. ಚಕ್ರ ಬಹಳವೆಂದರೆ ಹತ್ತು ಇಂಚಿನದು. ಸೈಕಲ್ಲಿನ ದೊಡ್ಡ ಚಕ್ರ ಹತ್ತಿ ಇಳಿಯುವ ಗುಂಡಿಯಲ್ಲಿ ಈ ಸಣ್ಣ ಚಕ್ರ ಸಿಕ್ಕಿ ನಿಲ್ಲುತ್ತದೆ. ಚಕ್ರ ನಿಂತರೂ ಸವಾರ ನಿಲ್ಲುವುದಿಲ್ಲವಲ್ಲ, ನಿಂತುಕೊಂಡೇ ಓಡಿಸುತ್ತಿರುವವನು ಹ್ಯಾಂಡಲ್ ಮೇಲಿಂದ ಹಾರಿ ಮುಖವಡಿಯಾಗಿ ಬೀಳುತ್ತಾನೆ.

ಬ್ರೇಕ್ ಬಗ್ಗೆ ಬರೆಯಲು ಹೊರಟರೆ ಮುಗಿಯುವುದಿಲ್ಲ. ಒಂದೆರಡು ಪರೀಕ್ಷೆ ನೀವೇ ಮಾಡಿ. ಮಗನನ್ನು ಹ್ಯಾಂಡಲ್ ಹಿಡಿದು ನಿಲ್ಲಲು ಹೇಳಿ ಅವನ ಬೆರಳು ನೋಡಿ. ಲಿವರನ್ನು ಬೆರಳ ತುದಿಯಿಂದ ಮಾತ್ರ ಮುಟ್ಟುತ್ತಿದ್ದರೆ ಬ್ರೇಕ್ ಇದ್ದೂ ಇಲ್ಲದಂತೆ. ಬೆರಳಿನ ಮೊದಲ ಗಿಣ್ಣಾದರೂ ಲಿವರ್ ದಾಟಿ ಮಡಚಬೇಕು. ಇನ್ನೊಂದು: ಒಳ್ಳೆಯ ಗಾಡಿಗಳಲ್ಲಿ ಬ್ರೇಕ್ ಲಿವರಿನೊಳಗೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಬ್ರೇಕ್ ಹಿಡಿದ ಕೂಡಲೇ ಅದು ಮೋಟಾರಿಗೆ ಹೋಗುವ ವಿದ್ಯುತ್ತನ್ನು ಕಡಿಯುತ್ತದೆ. ಮೋಟಾರ್ ಇರುವ ಚಕ್ರ ನೆಲ ಮುಟ್ಟದಂತೆ ಗಾಡಿಯನ್ನು ಎತ್ತಿ ನಿಲ್ಲಿಸಿ, ಮಕ್ಕಳನ್ನು ದೂರ ಕಳುಹಿಸಿ, ಎಕ್ಸಲರೇಟರ್ ಒತ್ತಿಕೊಂಡೇ ಲಿವರನ್ನು ಮೆಲ್ಲಗೆ ಮುಟ್ಟಿ. ಬ್ರೇಕ್ ಪ್ಯಾಡ್ ಕಚ್ಚುವ ಮೊದಲೇ ಮೋಟಾರಿನ ಸದ್ದು ಸತ್ತುಹೋಗಬೇಕು. ಸಾಯದಿದ್ದರೆ ಗಾಬರಿಗೊಂಡ ಮಗು ಎರಡನ್ನೂ ಒಟ್ಟಿಗೆ ಹಿಡಿದಾಗ ಮೋಟಾರಿಗೂ ಬ್ರೇಕಿಗೂ ಜಗಳ, ನಡುವೆ ಹುಡುಗ. ಮೋಟಾರನ್ನೇ ಬ್ರೇಕಾಗಿ ಬಳಸುವ ಗಾಡಿಯೆಂದರೆ ಇನ್ನೊಂದು ತೊಡಕು. ಬ್ಯಾಟರಿ ಪೂರ್ತಿ ತುಂಬಿರುವಾಗ ವಾಪಸು ಬರುವ ವಿದ್ಯುತ್ತಿಗೆ ಜಾಗವಿಲ್ಲದೆ ಆ ಬ್ರೇಕ್ ದುರ್ಬಲವಾಗುತ್ತದೆ. ಕೈಯಿಂದ ಹಿಡಿಯುವ ಬ್ರೇಕ್ ಬೇರೆ ಇರಲೇಬೇಕು.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 16 ವರ್ಷದೊಳಗಿನವರಿಗೆ ಮೋಟಾರ್ ಸ್ಕೂಟರ್ ಬೇಡವೇ ಬೇಡ ಎನ್ನುತ್ತದೆ. ಕಾನೂನು ದೇಶಕ್ಕೊಂದು ತರಹ. ಜರ್ಮನಿ 2019ರಲ್ಲಿ ನಿಂತು ಓಡಿಸುವ ಸ್ಕೂಟರಿಗೆ ನಿಯಮ ಮಾಡಿದಾಗ 14 ವರ್ಷ, ಗಂಟೆಗೆ 20 ಕಿ.ಮೀ. ಎಂದು ಗೆರೆ ಎಳೆಯಿತು. ಫ್ರಾನ್ಸ್ 12 ಇದ್ದ ವಯಸ್ಸನ್ನು 2023ರಲ್ಲಿ 14ಕ್ಕೆ ಏರಿಸಿತು. ನಿಮ್ಮ ಮಗ ಈ ಎರಡು ಕಡೆಯೂ ಪಾಸಾಗುವುದಿಲ್ಲ, ನಿಮ್ಮ ತಮ್ಮ ತಂದ ಗಾಡಿಯೂ ಪಾಸಾಗುವುದಿಲ್ಲ.

ಉತ್ತರ | ತುರ್ತು ಚಿಕಿತ್ಸೆಯ ನರ್ಸ್

ಗ್ಯಾರೇಜಿನ ಅಣ್ಣ ಗಾಡಿಯ ಕಡೆಯಿಂದ ಬರೆದಿದ್ದಾರೆ. ಆಸ್ಪತ್ರೆಯ ಮಂಚದ ಕಡೆಯಿಂದ ನಾನು ಎರಡು ವಿಷಯ ಸೇರಿಸುತ್ತೇನೆ.

ಹೆಲ್ಮೆಟ್ ಕುರಿತು ಕೇಳಿದ್ದೀರಿ. ಯೂರೋಪಿನ ಸೈಕಲ್ ಹೆಲ್ಮೆಟ್ ಮಾನದಂಡವಾದ ಇಎನ್ 1078ರ ಪ್ರಕಾರ ಹೆಲ್ಮೆಟ್ಟನ್ನು ಸಮತಟ್ಟಾದ ಉಕ್ಕಿನ ಮೇಲೆ ಬೀಳಿಸಿ ಪರೀಕ್ಷಿಸುವ ವೇಗ ಸೆಕೆಂಡಿಗೆ 5.42 ಮೀಟರ್, ಎಂದರೆ ಗಂಟೆಗೆ ಇಪ್ಪತ್ತು ಕಿ.ಮೀ.ಗೂ ಚೂರು ಕಡಿಮೆ. ಸೈಕಲ್ಲಿನಿಂದ ನೆಲಕ್ಕೆ ಉರುಳಿದರೆ ತಲೆ ಕಾಯುವುದಕ್ಕೆ ಅದು ಒಳ್ಳೆಯ ರಕ್ಷಣೆ. ನಲವತ್ತೈದರಲ್ಲಿ ಗುದ್ದುವುದನ್ನು ಎಣಿಸಿ ಅದನ್ನು ಮಾಡಿಲ್ಲ. ವೇಗದ ವಿದ್ಯುತ್ ಸೈಕಲ್‌ಗಳಿಗಾಗಿ ನೆದರ್ಲೆಂಡ್ಸ್ ಎನ್‌ಟಿಎ 8776 ಎಂಬ ಬೇರೆ ಮಾನದಂಡವನ್ನೇ ಮಾಡಬೇಕಾಗಿ ಬಂತು. ಹಾಗಾದರೆ ಮೋಟಾರ್ ಸೈಕಲ್ ಹೆಲ್ಮೆಟ್ ಹಾಕಿಸೋಣ ಎನ್ನುವಿರಿ. ದೊಡ್ಡವರ ಅಳತೆಯದು ಮಗುವಿನ ತಲೆಯಲ್ಲಿ ಲೊಡಲೊಡ ಎನ್ನುತ್ತದೆ, ಬೀಳುವಾಗ ಕಳಚಿಯೇ ಹೋಗಬಹುದು, ತೂಕವೂ ಆ ಕುತ್ತಿಗೆಗೆ ಹೆಚ್ಚು. ಸರಿಯಾಗಿ ಕೂತ ಹೆಲ್ಮೆಟ್ಟಿನ ಬೆಲೆ ದೊಡ್ಡದು: ಮೋಟಾರ್ ಸೈಕಲ್ ಸವಾರರ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ ಅದು ಸಾವಿನ ಅಪಾಯವನ್ನು 42%, ತಲೆಗೆ ಪೆಟ್ಟಾಗುವ ಅಪಾಯವನ್ನು 69% ತಗ್ಗಿಸುತ್ತದೆ ಎಂದು ಕಂಡುಕೊಂಡಿದೆ. ಸೈಕಲ್ ಹೆಲ್ಮೆಟ್ ಹಾಕಿಸುವಾಗ ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಅಂಚು ಬರಬೇಕು, ಪಟ್ಟಿಗಳು ಕಿವಿಯ ಕೆಳಗೆ ಕೂಡಬೇಕು, ಗಲ್ಲದ ಕೆಳಗೆ ಒಂದೆರಡು ಬೆರಳಿಗಿಂತ ಹೆಚ್ಚು ಸಡಿಲವಿರಬಾರದು. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಒಳಗಿನ ಥರ್ಮಾಕೋಲ್ ನುಗ್ಗಾಗಿರುತ್ತದೆ, ಅದನ್ನು ಮತ್ತೆ ಹಾಕಿಸಬೇಡಿ.

ಎರಡನೆಯದು ಹೊಟ್ಟೆ. ಇದನ್ನು ಹೆಚ್ಚಿನ ತಂದೆತಾಯಿ ಕೇಳಿಯೇ ಇರುವುದಿಲ್ಲ. ಬೀಳುವಾಗ ಹ್ಯಾಂಡಲ್ ತಿರುಗಿ ಅದರ ತುದಿ ಹೊಟ್ಟೆಗೆ ಚುಚ್ಚಿದಂತೆ ಗುದ್ದುತ್ತದೆ. ಚರ್ಮದ ಮೇಲೆ ಬಳೆ ಒತ್ತಿದಂಥ ದುಂಡಗಿನ ಗುರುತು, ಅಷ್ಟೇ. ರಕ್ತವಿಲ್ಲ, ಗಾಯವಿಲ್ಲ. ಮಗು ಎದ್ದು ಓಡಾಡುತ್ತದೆ, ಬೈಸಿಕೊಳ್ಳುವ ಭಯಕ್ಕೆ ಮನೆಯಲ್ಲಿ ಬಾಯಿಯನ್ನೂ ಬಿಡುವುದಿಲ್ಲ. ಒಳಗೆ ಯಕೃತ್ತಿಗೋ ಗುಲ್ಮಕ್ಕೋ ಮೇದೋಜೀರಕಕ್ಕೋ ಕರುಳಿಗೋ ಪೆಟ್ಟಾಗಿದ್ದರೆ ಅದು ಗೊತ್ತಾಗುವುದು ಗಂಟೆಗಳ ಮೇಲೆ, ಕೆಲವೊಮ್ಮೆ ಮರುದಿನ. ಹೊಟ್ಟೆನೋವು ಹೆಚ್ಚುತ್ತಾ ಹೋಗುವುದು, ವಾಂತಿ, ಮುಖ ಬಿಳಿಚಿಕೊಳ್ಳುವುದು, ಎಡ ಭುಜದಲ್ಲಿ ಕಾರಣವಿಲ್ಲದ ನೋವು, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬೇಡಿ. ಆ ದುಂಡು ಗುರುತು ಕಂಡರೆ ಲಕ್ಷಣಗಳಿಗಾಗಿ ಕಾಯುವುದೂ ಬೇಡ, ವೈದ್ಯರಿಗೆ ತೋರಿಸಿ. ಮಗನ ಸೈಕಲ್ಲಿನ ಹಿಡಿಯ ತುದಿಯಲ್ಲಿ ರಬ್ಬರ್ ಹರಿದು ಕೊಳವೆ ಬರಿದಾಗಿದೆಯೇ ಎಂದು ಇವತ್ತೇ ನೋಡಿ. ಬರಿದಾದ ಕೊಳವೆ ಚರ್ಮವನ್ನು ಕೊರೆದೇ ಬಿಡುತ್ತದೆ.

ಬಿದ್ದದ್ದನ್ನು ಹೇಳಿದರೆ ಬೈಯುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ಮಾತು ಕೊಟ್ಟಿರಿ. ಮುಚ್ಚಿಟ್ಟ ಪೆಟ್ಟಿಗೆ ಚಿಕಿತ್ಸೆ ಮಾಡುವುದು ಬಹಳ ಕಷ್ಟ.

ಉತ್ತರ | ಹಳೆಯ ಸವಾರ

ಹೀಗೆ ಎಲ್ಲದಕ್ಕೂ ಹೆದರಿಸಿದರೆ ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುತ್ತವೆ. ಆಮೇಲೆ ಅದಕ್ಕೂ ನೀವೇ ಅಳುತ್ತೀರಿ.

ಉತ್ತರ | ಗ್ಯಾರೇಜಿನವನು

ಈ ಮಾತಿನಲ್ಲಿ ಹುರುಳಿದೆ ಸ್ವಾಮಿ, ಒಪ್ಪುತ್ತೇನೆ. ಬೀದಿಗೆ ಇಳಿಯದ ಮಗು ರಸ್ತೆಯನ್ನು ಎಂದಿಗೂ ಕಲಿಯುವುದಿಲ್ಲ. ಅದಕ್ಕೇ ಒಳ್ಳೆಯ ಪೆಡಲ್ ಸೈಕಲ್ ಕೊಡಿ ಎನ್ನುವುದು. ತಿರುವಿನಲ್ಲಿ ಹಿಂದೆ ನೋಡುವುದು, ಒಂದು ಕೈ ಬಿಟ್ಟು ಸಿಗ್ನಲ್ ತೋರಿಸುವುದು, ಮರಳಿನ ಮೇಲೆ ಮುಂದಿನ ಬ್ರೇಕ್ ಹಿಡಿಯದಿರುವುದು, ಇವೆಲ್ಲ ಮೈಗೆ ಹತ್ತುವುದು ಸೈಕಲ್ಲಿನ ಮೇಲೆ. ಇದೆಲ್ಲ ಬಂದವನಿಗೆ ಮುಂದೆ ಮೋಟಾರ್ ಕಲಿಸುವುದು ಸುಲಭ. ಇದಾವುದೂ ಬಾರದವನಿಗೆ ಮೊದಲೇ ಮೋಟಾರ್ ಕೊಟ್ಟರೆ ಅವನು ಕಲಿಯುವುದು ಹೆಬ್ಬೆರಳು ಒತ್ತುವುದನ್ನು ಮಾತ್ರ.

ಮರುಪ್ರಶ್ನೆ | ಇಬ್ಬರು ಮಕ್ಕಳ ತಾಯಿ

ಎಲ್ಲರಿಗೂ ಧನ್ಯವಾದ. ನರ್ಸ್ ಅವರೇ, ನೀವು ಬರೆದದ್ದನ್ನು ಓದಿ ಸೈಕಲ್ಲಿನ ಹಿಡಿ ನೋಡಿದೆ. ಬಲಗಡೆಯ ರಬ್ಬರ್ ಹರಿದು ಕೊಳವೆ ಹೊರಗೆ ಇಣುಕುತ್ತಿತ್ತು. ಬದಲಾಯಿಸಲು ಹೇಳಿದ್ದೇನೆ.

ತಮ್ಮನಿಗೆ ಗ್ಯಾರೇಜಿನವರ ಉತ್ತರ ಓದಿಸಿದೆ. ವೈರಿನ ವಿಷಯ ಬಂದಾಗ ಮಗ ತಲೆ ತಗ್ಗಿಸಿದ. ಅದನ್ನು ತಮ್ಮನೂ ನೋಡಿದ, ಆಮೇಲೆ ವಾದ ಬೆಳೆಸಲಿಲ್ಲ. ಆದರೆ ಈಗ ದೊಡ್ಡವಳು ಎದ್ದು ನಿಂತಿದ್ದಾಳೆ. ಅವಳಿಗೆ ಹದಿನಾರು ತುಂಬಿದೆ. "ತಮ್ಮನಿಗೆ ಬೇಡವಾದರೆ ನನಗಿರಲಿ, ಅವನನ್ನು ಮುಂದೆ ನಿಲ್ಲಿಸಿಕೊಂಡು ಹೋಗುತ್ತೇನೆ" ಎನ್ನುತ್ತಾಳೆ. ಇದಕ್ಕೇನು ಹೇಳಲಿ? ಗಾಡಿಯನ್ನು ಹಾಗೆಯೇ ಎತ್ತಿಟ್ಟರೆ ಬ್ಯಾಟರಿ ಹಾಳಾಗುತ್ತದೆಯೇ?

ಉತ್ತರ | ಗ್ಯಾರೇಜಿನವನು

ಒಂದು ಹಲಗೆಯ ಮೇಲೆ ಇಬ್ಬರು ನಿಲ್ಲುವುದಕ್ಕೆ ಖಂಡಿತ ಬೇಡ ಎನ್ನಿ. ಈ ಗಾಡಿಗಳು ಒಬ್ಬರ ತೂಕಕ್ಕೆ ಮಾಡಿದವು. ಮುಂದೆ ನಿಂತವನು ಹ್ಯಾಂಡಲ್ಲಿಗೂ ಅಕ್ಕನ ಎದೆಗೂ ನಡುವೆ ಸಿಕ್ಕಿಕೊಂಡಿರುತ್ತಾನೆ, ಬಿದ್ದರೆ ಅವಳ ತೂಕವೂ ಅವನ ಮೇಲೆಯೇ. ನರ್ಸ್ ಅವರು ಹೇಳಿದ ಹ್ಯಾಂಡಲ್ ತುದಿ ಅವನ ಹೊಟ್ಟೆಯ ಎದುರಿಗೇ ಇರುತ್ತದೆ.

ದೊಡ್ಡವಳ ಮಾತು ಬೇರೆ. ವಯಸ್ಸು ಬಂದಿದೆ, ಆದರೆ ಗಾಡಿ ಅದೇ. ಐರೋಪ್ಯ ಒಕ್ಕೂಟ ಪೆಡಲ್ ಜೊತೆ ಮೋಟಾರ್ ಇರುವ ಸೈಕಲ್‌ಗೆ 250 ವ್ಯಾಟ್, 25 ಕಿ.ಮೀ. ಎಂಬ ಮಿತಿ ಇಟ್ಟಿದೆ. ಭಾರತದ ನಿಯಮಗಳು ಬ್ಯಾಟರಿ ಗಾಡಿಯನ್ನು ಮೋಟಾರು ವಾಹನದ ಲೆಕ್ಕದಿಂದ ಹೊರಗಿಡಲು ಹಿಡಿದಿರುವುದೂ ಇದೇ ಎರಡು ಅಂಕಿಗಳನ್ನು. ನಲವತ್ತೈದು ಓಡುವುದು ಆ ಗೆರೆಯ ಆಚೆಗಿನದು. ಅದನ್ನು ರಸ್ತೆಗೆ ಇಳಿಸಬೇಕಾದರೆ ನೋಂದಣಿ, ವಿಮೆ, ಪರವಾನಗಿ ಎಲ್ಲವೂ ಬೇಕಾಗುತ್ತದೆ. ಆಟಿಕೆಯ ಹೆಸರಿನಲ್ಲಿ ಮಾರುವ ಇಂಥ ಗಾಡಿಗಳಿಗೆ ನೋಂದಣಿಗೆ ಬೇಕಾದ ಕಾಗದಪತ್ರಗಳೇ ಸಾಮಾನ್ಯವಾಗಿ ಇರುವುದಿಲ್ಲ. ಯಾರಿಗಾದರೂ ಗುದ್ದಿದರೆ ವಿಮೆ ಇಲ್ಲದ ಹೊಣೆ ನಿಮ್ಮ ತಲೆಗೆ. ಮಗಳು ಪರವಾನಗಿ ಪಡೆದು, ನೋಂದಣಿಯಾದ ಗಾಡಿಯಲ್ಲಿ ಕಲಿಯಲಿ. ಇದರಲ್ಲಿ ಬೇಡ.

ಬ್ಯಾಟರಿಗೆ ಬರೋಣ. ಎತ್ತಿಡುವುದಾದರೆ ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿಯೂ ಇಡಬಾರದು. ಅರ್ಧ ಚಾರ್ಜ್ ಇರಲಿ, ಬಿಸಿಲು ಬೀಳದ ಒಣ ಜಾಗದಲ್ಲಿಡಿ, ಎರಡು ತಿಂಗಳಿಗೊಮ್ಮೆ ನೋಡಿ ಮತ್ತೆ ಅರ್ಧಕ್ಕೆ ತನ್ನಿ. ಗಾಡಿಯ ಜೊತೆ ಬಂದ ಚಾರ್ಜರನ್ನೇ ಬಳಸಿ, ಎಲ್ಲರೂ ಮಲಗಿರುವಾಗ ಚಾರ್ಜಿಗೆ ಹಾಕಬೇಡಿ, ಮನೆಯಿಂದ ಹೊರಹೋಗುವ ಬಾಗಿಲ ಹತ್ತಿರವಂತೂ ಬೇಡವೇ ಬೇಡ. ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿದರೆ ಅದು ಮೆಲ್ಲಗೆ ಉರಿಯುವ ಜಾತಿಯದಲ್ಲ, ಓಡಿ ಪಾರಾಗುವ ದಾರಿಯೇ ಮುಚ್ಚಿಹೋಗುತ್ತದೆ. ಬ್ಯಾಟರಿ ಪೆಟ್ಟಿಗೆ ಉಬ್ಬಿದ್ದರೆ, ಸಿಹಿಸಿಹಿಯಾದ ಸಾಲ್ವೆಂಟ್ ವಾಸನೆ ಬಂದರೆ ಅಥವಾ ಗಾಡಿ ಜೋರಾಗಿ ಬಿದ್ದಿದ್ದರೆ ಚಾರ್ಜ್ ಮಾಡದೆ ಗೊತ್ತಿರುವವರಿಗೆ ತೋರಿಸಿ.

ನನ್ನನ್ನು ಕೇಳಿದರೆ ಎತ್ತಿಡುವುದಕ್ಕಿಂತ ಕೊಂಡ ಅಂಗಡಿಗೇ ವಾಪಸು ಕೊಟ್ಟು ಒಂದು ಒಳ್ಳೆಯ ಗೇರ್ ಸೈಕಲ್ ತರುವುದು ಲೇಸು. ಮನೆಯೊಳಗಿರುವ ಗಾಡಿಗೆ ನೀವು ಎಷ್ಟು ದಿನ ಕಾವಲು ಕೂರುತ್ತೀರಿ? ಅಲ್ಲಿಯವರೆಗೆ ಚಾರ್ಜರ್ ನಿಮ್ಮ ಬೀರುವಿನಲ್ಲಿರಲಿ. ಬ್ಯಾಟರಿ ಕಳಚುವ ಬಗೆಯದಾದರೆ ಅದನ್ನೂ ಬೇರೆ ತೆಗೆದಿಡಿ, ಬೀರುವಿನಲ್ಲಿ ಮಾತ್ರ ಬೇಡ, ಗಾಳಿಯಾಡುವ ಕಡೆ ಮಕ್ಕಳ ಕೈಗೆ ಸಿಗದಂತೆ ಇಡಿ.

ಉತ್ತರ | ಇಬ್ಬರು ಮಕ್ಕಳ ತಾಯಿ

ಬ್ಯಾಟರಿ ಕಳಚುತ್ತದೆ, ತೆಗೆದಿಟ್ಟೆ. ಅಂಗಡಿಯವರು ಪೆಟ್ಟಿಗೆ ಸಮೇತ ತಂದರೆ ವಾಪಸು ತೆಗೆದುಕೊಳ್ಳುತ್ತೇವೆ ಎಂದಿದ್ದಾರಂತೆ, ನಾಳೆ ತಮ್ಮನೇ ಕೊಂಡೊಯ್ಯುತ್ತಾನೆ. ಸೈಕಲ್ ಆರಿಸಲು ಮಗನನ್ನೂ ಜೊತೆಗೆ ಕರೆದುಕೊಂಡು ಹೋಗು ಎಂದಿದ್ದೇನೆ. ಅವನ ಎತ್ತರಕ್ಕೆ ಎಷ್ಟು ಇಂಚಿನ ಚಕ್ರ ಸರಿ ಎಂದು ತಿಳಿದವರು ಹೇಳಿ, ಕುಳ್ಳ ಹುಡುಗ.

ಉತ್ತರ | ಗ್ಯಾರೇಜಿನವನು

ಹನ್ನೊಂದು ವರ್ಷಕ್ಕೆ ಸಾಮಾನ್ಯವಾಗಿ 24 ಇಂಚು. ಕುಳ್ಳಗಿದ್ದರೆ ಮೊದಲು 20ರದ್ದನ್ನೂ ಹತ್ತಿಸಿ ನೋಡಲಿ. ಸೀಟಿನ ಮೇಲೆ ಕೂತಾಗ ಎರಡೂ ಪಾದಗಳ ಮುಂಭಾಗ ನೆಲಕ್ಕೆ ತಾಗಬೇಕು, ಇಳಿದು ನಿಂತಾಗ ಮೇಲಿನ ಕಂಬಿಗೂ ತೊಡೆಸಂದಿಗೂ ನಡುವೆ ನಾಲ್ಕು ಬೆರಳಾದರೂ ಜಾಗವಿರಬೇಕು. "ಬೆಳೆಯುವ ಹುಡುಗ, ದೊಡ್ಡದೇ ಇರಲಿ" ಎಂದು ಅಂಗಡಿಯವನು ಹೇಳಿದರೆ ನಿಮ್ಮ ತಮ್ಮ ಒಪ್ಪಿಬಿಡುತ್ತಾನೆ, ಅವನಿಗೂ ಮೊದಲೇ ಹೇಳಿಟ್ಟಿರಿ. ಬ್ರೇಕ್ ಲಿವರಿಗೆ ಬೆರಳು ಎಟಕುವ ಪರೀಕ್ಷೆಯನ್ನು ಅಲ್ಲಿಯೂ ಮಾಡಿಸಿ. ಲಿವರಿನ ಬುಡದಲ್ಲಿ ಒಂದು ಸಣ್ಣ ಸ್ಕ್ರೂ ಇದ್ದರೆ ಅದನ್ನು ತಿರುಗಿಸಿ ಹಿಡಿಯ ಹತ್ತಿರಕ್ಕೆ ತಂದುಕೊಡಲು ಅಂಗಡಿಯವನಿಗೇ ಹೇಳಿ.